‘ನಾ ಏನೂ ಕೆಲ್ಸ ಮಾಡಂಗಿಲ್ರಿ, ಮನ್ಯಾಗ ಇರ್ತೀನಿ’: ಹೆಣ್ಣಿನ ಒಂದು ದಿನವನ್ನು ಎಣಿಸುವ ಬಗೆ

ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳ ಕಾಲೇಜುಗಳಲ್ಲಿ ಮಹಿಳಾ ಅಧ್ಯಯನ ಬಳಗ ಕಟ್ಟಿಕೊಂಡವರು ಹೆಚ್ಚುಕಡಿಮೆ ಒಂದೇ ಪ್ರಶ್ನೆಯನ್ನು ಕೇಳುತ್ತಾರೆ. ಮಾರ್ಚ್ 8ರ ಭಾಷಣವಾಯಿತು, ರಂಗೋಲಿ ಸ್ಪರ್ಧೆಯಾಯಿತು, ಗ್ರಂಥಾಲಯದಿಂದ ತಂದ ಎರಡು ಪುಸ್ತಕಗಳನ್ನು ಓದಿ ಚರ್ಚಿಸಿದ್ದೂ ಆಯಿತು. ಇನ್ನು ಮುಂದೆ ಏನು ಮಾಡುವುದು? ಅಂಥವರಿಗಾಗಿ ಒಂದೇ ಒಂದು ಕೆಲಸವನ್ನು ಆರಿಸಿಕೊಂಡು, ಅದನ್ನು ಮೊದಲಿನಿಂದ ಕೊನೆಯವರೆಗೆ ಹೇಗೆ ಮಾಡಬೇಕೆಂದು ಇಲ್ಲಿ ಬರೆದಿದ್ದೇನೆ. ಆ ಕೆಲಸಕ್ಕೆ ಸಮಯ ಬಳಕೆ ಸಮೀಕ್ಷೆ ಎಂದು ಹೆಸರು. ಒಬ್ಬ ವ್ಯಕ್ತಿ ನಿನ್ನೆಯ 24 ಗಂಟೆಗಳನ್ನು ಯಾವ ಯಾವ ಕೆಲಸದಲ್ಲಿ ಕಳೆದರು ಎಂಬುದನ್ನು ಕೇಳಿ ಬರೆದುಕೊಳ್ಳುವುದೇ ಈ ಸಮೀಕ್ಷೆ. ಹಣ ಬೇಕಿಲ್ಲ, ಕಂಪ್ಯೂಟರ್ ಇದ್ದರೆ ಅನುಕೂಲ, ಇಲ್ಲದಿದ್ದರೆ ಲೆಕ್ಕದ ವಹಿಯೇ ಸಾಕು.

ಇದನ್ನೇ ಏಕೆ ಆರಿಸಿಕೊಳ್ಳಬೇಕೆಂದರೆ, ಭಾರತದಲ್ಲಿ ಮಹಿಳಾ ಅಧ್ಯಯನ ಎಂಬ ಶಿಸ್ತು ಬೆಳೆದು ಬಂದಿರುವುದೇ ಎಣಿಕೆಯ ಬಗೆಗಿನ ತಕರಾರಿನಿಂದ. ಕೇಂದ್ರ ಸರ್ಕಾರ 1971ರಲ್ಲಿ ನೇಮಿಸಿದ ಮಹಿಳೆಯರ ಸ್ಥಾನಮಾನ ಕುರಿತ ಸಮಿತಿ 1974ರಲ್ಲಿ ವರದಿ ಕೊಟ್ಟಾಗ, ಸ್ವಾತಂತ್ರ್ಯ ಬಂದ ಮೇಲೆ ಹೆಣ್ಣುಮಕ್ಕಳ ಸ್ಥಿತಿ ತಾನಾಗಿಯೇ ಸುಧಾರಿಸುತ್ತಿದೆ ಎಂದು ನಂಬಿದ್ದವರಿಗೆ ಅದರೊಳಗಿನ ಅಂಕಿಗಳು ದೊಡ್ಡ ಪೆಟ್ಟು ಕೊಟ್ಟವು. ಮೈಸೂರಿನಲ್ಲಿ ಹುಟ್ಟಿದ ಅರ್ಥಶಾಸ್ತ್ರಜ್ಞೆ ದೇವಕಿ ಜೈನ್ ಅವರು ಅದೇ ದಶಕದಲ್ಲಿ ರಾಜಸ್ಥಾನ ಮತ್ತು ಪಶ್ಚಿಮ ಬಂಗಾಳದ ಹಳ್ಳಿಗಳಲ್ಲಿ ಜನರ ದಿನಚರಿಯನ್ನು ಗಂಟೆ ಗಂಟೆಗೆ ದಾಖಲಿಸುವ ಅಧ್ಯಯನ ನಡೆಸಿ, ಮಾಮೂಲು ಪ್ರಶ್ನೆಗಳಿಗೆ ‘ಕೆಲಸವಿಲ್ಲದವರು’ ಎಂದು ದಾಖಲಾಗುವ ಹೆಂಗಸರು ನಿಜಕ್ಕೂ ಎಷ್ಟು ದುಡಿಯುತ್ತಾರೆಂಬುದನ್ನು ತೋರಿಸಿದರು. ಇಂದಿಗೂ ಜನಗಣತಿಯಲ್ಲಿ ತಮ್ಮ ಮನೆಯ ಕೆಲಸವನ್ನಷ್ಟೇ ಮಾಡುವವರನ್ನು ‘ಕೆಲಸಗಾರರಲ್ಲದವರು’ ಎಂಬ ಗುಂಪಿಗೆ ಸೇರಿಸುತ್ತಾರೆ. ಶೀರ್ಷಿಕೆಯಲ್ಲಿರುವ ಮಾತನ್ನು ನೀವು ನಿಮ್ಮ ತಾಯಿಯ ಬಾಯಿಂದಲೇ ಕೇಳಿರಬಹುದು. ಅದನ್ನು ಹೇಳುವ ಹೆಂಗಸು ಸುಳ್ಳು ಹೇಳುತ್ತಿಲ್ಲ. ನಾವು ಕೇಳಿದ ಪ್ರಶ್ನೆಗೆ ಆ ಉತ್ತರವೊಂದೇ ಸರಿಯಾಗಿ ಹೊಂದುತ್ತದೆ. ಆದ್ದರಿಂದ ಈ ಮಾರ್ಗದರ್ಶಿಯಲ್ಲಿ ಹೆಚ್ಚು ಜಾಗವನ್ನು ಪ್ರಶ್ನೆ ಕೇಳುವ ಬಗೆಗೇ ಕೊಟ್ಟಿದ್ದೇನೆ.

ಮುಂದೆ ಬರುವ ಕೆಲವು ಪದಗಳ ಅರ್ಥವನ್ನು ಮೊದಲೇ ಹೇಳಿಬಿಡುತ್ತೇನೆ. ಲಿಂಗತ್ವ ಎಂದರೆ ಹೆಣ್ಣು ಹೀಗಿರಬೇಕು, ಗಂಡು ಹೀಗಿರಬೇಕು ಎಂದು ಸಮಾಜ ಹಾಕಿಕೊಟ್ಟ ಕಟ್ಟು. ದೇಹದಿಂದ ಬಂದದ್ದಕ್ಕೆ ಈ ಪದವನ್ನು ಬಳಸುವುದಿಲ್ಲ. ಈ ಕಟ್ಟು ಮನುಷ್ಯರು ಕಟ್ಟಿದ್ದಾದ್ದರಿಂದ ಮನುಷ್ಯರೇ ಬದಲಿಸಬಹುದು ಎಂಬ ನಿಲುವನ್ನು ಸ್ತ್ರೀವಾದ ಎನ್ನುತ್ತಾರೆ. ವೇತನರಹಿತ ದುಡಿಮೆ ಎಂದರೆ ಕೂಲಿ ಸಿಗದ ಕೆಲಸ: ಅಡುಗೆ, ಕಸಮುಸುರೆ, ನೀರು ತುಂಬುವುದು, ಹೆಂಡಿಕಸ. ಅದರೊಳಗೇ ಬರುವ ಆರೈಕೆ ದುಡಿಮೆಯಲ್ಲಿ ಕೂಸು, ಮುದುಕರು, ಬೇನೆ ಬಿದ್ದವರನ್ನು ನೋಡಿಕೊಳ್ಳುವ ಕೆಲಸಗಳು ಸೇರುತ್ತವೆ.

1. ಬಳಗ, ಅನುಮತಿ, ಓಡಾಟ

ಹತ್ತು ಜನರಿದ್ದರೆ ಸಾಕು. ಇಬ್ಬಿಬ್ಬರ ಐದು ಜೋಡಿಗಳಾಗಿ, ಪ್ರತಿ ಜೋಡಿ ಎಂಟು ಮನೆಗಳಿಗೆ ಹೋದರೆ ನಲವತ್ತು ಮನೆಗಳಾಗುತ್ತವೆ. ಜೋಡಿಯಲ್ಲಿ ಒಬ್ಬರು ಮಾತಾಡಬೇಕು, ಇನ್ನೊಬ್ಬರು ಬರೆದುಕೊಳ್ಳಬೇಕು. ಎರಡನ್ನೂ ಒಬ್ಬರೇ ಮಾಡಲು ಹೋದರೆ ಎದುರಿಗೆ ಕೂತವರ ಮುಖ ನೋಡುವುದು ತಪ್ಪಿಹೋಗುತ್ತದೆ. ಬಳಗದಲ್ಲಿ ಹುಡುಗರನ್ನೂ ಸೇರಿಸಿಕೊಳ್ಳಿ, ಏಕೆಂದರೆ ಗಂಡಸರ ದಿನವನ್ನೂ ಕೇಳಬೇಕಾಗಿದೆ. ನಮ್ಮ ಕಡೆ ತೆಲುಗು, ದಖನಿ ಉರ್ದು, ತಾಂಡಾಗಳಲ್ಲಿ ಲಂಬಾಣಿ ಮಾತಾಡುವ ಮನೆಗಳು ಬಹಳ. ಆ ಭಾಷೆ ಬಲ್ಲವರು ಒಬ್ಬೊಬ್ಬರಾದರೂ ಬಳಗದಲ್ಲಿದ್ದರೆ ಅಂಥ ಮನೆಗಳನ್ನು ಬಿಟ್ಟು ಬರುವ ಪ್ರಮೇಯ ಬರುವುದಿಲ್ಲ.

ಪ್ರಾಂಶುಪಾಲರಿಂದ ಒಂದು ಪತ್ರ ಬರೆಸಿಕೊಳ್ಳಿ. ಹಳ್ಳಿಯಾದರೆ ಗ್ರಾಮ ಪಂಚಾಯಿತಿಗೆ ತಿಳಿಸಿ, ಅಂಗನವಾಡಿ ಕಾರ್ಯಕರ್ತೆಗೂ ಒಂದು ಮಾತು ಹೇಳಿ. ಆದರೆ ಅವರನ್ನು ಮನೆಮನೆಗೆ ಜೊತೆಯಲ್ಲಿ ಕರೆದೊಯ್ಯಬೇಡಿ. ಅವರ ಎದುರಿಗೆ ಜನ ತಮಗೆ ಅನಿಸಿದ್ದನ್ನು ಬಿಟ್ಟು ಅವರಿಗೆ ಹಿತವಾದದ್ದನ್ನು ಹೇಳುತ್ತಾರೆ. 2023ರ ಜೂನ್ 11ರಿಂದ ಜಾರಿಯಲ್ಲಿರುವ ಶಕ್ತಿ ಯೋಜನೆಯಿಂದಾಗಿ ವಿದ್ಯಾರ್ಥಿನಿಯರಿಗೆ ಕಲ್ಯಾಣ ಕರ್ನಾಟಕ ಸಾರಿಗೆಯ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ಟಿನ ಖರ್ಚಿಲ್ಲ. ರಾಜ್ಯದ ವಿಳಾಸವಿರುವ ಗುರುತಿನ ಚೀಟಿ ಮರೆಯಬಾರದು, ಅಷ್ಟೇ.

ಓಡಾಟ ಹಗಲಿನಲ್ಲಿ ಮತ್ತು ಜೋಡಿಯಲ್ಲೇ ಆಗಬೇಕು. ಬಳಗದೊಳಗೆ ಅಥವಾ ಕಾಲೇಜಿನ ಕೆಲಸದ ನಡುವೆ ಯಾರಿಂದಲಾದರೂ ಲೈಂಗಿಕ ಕಿರುಕುಳವಾದರೆ, ವಿಶ್ವವಿದ್ಯಾಲಯ ಅನುದಾನ ಆಯೋಗದ 2015ರ ನಿಯಮಗಳ ಪ್ರಕಾರ ಪ್ರತಿ ಕಾಲೇಜಿನಲ್ಲಿ ಇರಲೇಬೇಕಾದ ಆಂತರಿಕ ದೂರು ಸಮಿತಿಗೆ ಮೂರು ತಿಂಗಳೊಳಗೆ ಲಿಖಿತ ದೂರು ಕೊಡಬಹುದು. ಸಮಿತಿಯ ಸದಸ್ಯರು ಯಾರೆಂಬುದನ್ನು ಸಮೀಕ್ಷೆಗೆ ಹೊರಡುವ ಮೊದಲೇ ಕೇಳಿ ಬರೆದಿಟ್ಟುಕೊಳ್ಳಿ. ಕೇಳಿದಾಗ ಯಾರಿಗೂ ಗೊತ್ತಿಲ್ಲವೆಂದರೆ ಬಳಗದ ಮೊದಲ ಕೆಲಸ ಅದೇ ಆಯಿತು ಎಂದು ತಿಳಿಯಿರಿ.

2. ಯಾವ ಮನೆಗಳು, ಯಾವ ದಿನಗಳು

ಪರಿಚಯದವರ ಮನೆಗಳಿಗೆ ಹೋಗುವುದೇ ಇಲ್ಲಿ ಆಗುವ ಮೊದಲ ತಪ್ಪು. ನಿಮ್ಮ ಓಣಿಯಲ್ಲಿ ನಿಮ್ಮ ಜಾತಿಯವರೇ ಹೆಚ್ಚಿರುವುದರಿಂದ ಬರುವ ಉತ್ತರವೂ ಒಂದೇ ಬಗೆಯದಾಗಿರುತ್ತದೆ. ಕಸಮುಸುರೆಗೆ ಆಳು ಇಟ್ಟುಕೊಂಡ ಮನೆಯ ಯಜಮಾನಿಯ ದಿನಕ್ಕೂ, ಆ ಮನೆಯ ಮುಸುರೆ ತಿಕ್ಕಿ ಬಂದು ತನ್ನ ಮನೆಯ ಮುಸುರೆಗೆ ಕೈಹಚ್ಚುವವಳ ದಿನಕ್ಕೂ ‘ಹೆಣ್ಣಿನ ಸಮಸ್ಯೆ’ ಎಂಬ ಒಂದೇ ಹೆಸರು ಕೊಡಲು ಬರುವುದಿಲ್ಲ. ಊರನ್ನು ಓಣಿಗಳಾಗಿ ವಿಂಗಡಿಸಿ, ದಲಿತರ ಕೇರಿ, ಮುಸ್ಲಿಮರ ಓಣಿ, ತಾಂಡಾ ಬಿಟ್ಟುಹೋಗದಂತೆ ಪ್ರತಿಯೊಂದರಲ್ಲೂ ಐದನೆಯ ಅಥವಾ ಹತ್ತನೆಯ ಮನೆಯನ್ನು ಆರಿಸುತ್ತ ಹೋಗಿ. ಬಾಗಿಲು ಹಾಕಿದ್ದರೆ ಪಕ್ಕದ ಮನೆಗೆ ಹೋಗಿಬಿಡುವ ಬದಲು ಸಂಜೆ ಕತ್ತಲಾಗುವ ಮೊದಲು ಮತ್ತೊಮ್ಮೆ ಬನ್ನಿ. ಹಗಲಿನಲ್ಲಿ ಬಾಗಿಲು ಹಾಕಿರುವುದು ಕೂಲಿಗೆ ಹೋದವರ ಮನೆಯಲ್ಲಿ. ಅಂಥ ಮನೆಗಳನ್ನೆಲ್ಲ ಬಿಟ್ಟರೆ ನಿಮ್ಮ ಲೆಕ್ಕದಲ್ಲಿ ಬಿಡುವಿರುವವರಷ್ಟೇ ಉಳಿಯುತ್ತಾರೆ.

ಕಾಲವೂ ಮುಖ್ಯ. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಟ್ಟು ಗಂಗಾವತಿ, ಸಿಂಧನೂರು, ಮಾನ್ವಿ ಕಡೆ ಭತ್ತದ ನಾಟಿ ನಡೆಯುವಾಗಿನ ದಿನಕ್ಕೂ, ಮಸಾರಿ ಹೊಲದವರು ಗುಳೆ ಹೋಗುವ ಬೇಸಿಗೆಯ ದಿನಕ್ಕೂ ಅಜಗಜಾಂತರ. ಹತ್ತಿ ಬಿಡಿಸುವ ಕಾಲದಲ್ಲಿ ರಾಯಚೂರಿನ ಎರೆಹೊಲಗಳಲ್ಲಿ, ಬೀಜೋತ್ಪಾದನೆಯ ಹೊಲಗಳಲ್ಲಿ ಕ್ರಾಸಿಂಗ್ ನಡೆಯುವಾಗ ಕೊಪ್ಪಳ ಸೀಮೆಯಲ್ಲಿ (ಕ್ರಾಸಿಂಗ್ ಎಂದರೆ ಒಂದು ತಳಿಯ ಹೂವಿನ ಪರಾಗವನ್ನು ಇನ್ನೊಂದರ ಹೂವಿಗೆ ಕೈಯಿಂದ ಮುಟ್ಟಿಸುವ ಕೆಲಸ) ಹೆಂಗಸರ ಮುಂಜಾವು ಬೇರೆಯದೇ ಹೊತ್ತಿಗೆ ಆರಂಭವಾಗುತ್ತದೆ. ಸಾಧ್ಯವಾದರೆ ವರ್ಷದಲ್ಲಿ ಎರಡು ಸುತ್ತು ಮಾಡಿ. ಒಂದೇ ಸುತ್ತಾದರೆ ಯಾವ ತಿಂಗಳಲ್ಲಿ ಮಾಡಿದ್ದೆಂಬುದನ್ನು ವರದಿಯ ಮೊದಲ ಸಾಲಿನಲ್ಲೇ ಬರೆಯಿರಿ. ಸಂತೆಯ ದಿನ, ಎಳ್ಳಮಾವಾಸ್ಯೆ, ಮೊಹರಂ, ಊರ ಜಾತ್ರೆ ಇವುಗಳ ಮರುದಿನ ಕೇಳಲು ಹೋಗಬೇಡಿ. ನಾವು ಕೇಳುವುದು ನಿನ್ನೆಯ ದಿನವನ್ನು; ಆ ನಿನ್ನೆ ಹಬ್ಬವಾಗಿದ್ದರೆ ಉತ್ತರವೆಲ್ಲ ಹೋಳಿಗೆ, ಕಡುಬುಗಳಲ್ಲೇ ಮುಗಿಯುತ್ತದೆ.

ಪ್ರತಿ ಮನೆಯಲ್ಲೂ ಒಬ್ಬ ಹೆಂಗಸು, ಒಬ್ಬ ಗಂಡಸು, ಇಬ್ಬರೂ 18 ವರ್ಷ ತುಂಬಿದವರು. ಇಬ್ಬರನ್ನೂ ಬೇರೆ ಬೇರೆಯಾಗಿ ಕೇಳಬೇಕು. ಹೆಂಗಸರನ್ನಷ್ಟೇ ಕೇಳಿ ಬಂದರೆ ಹೋಲಿಸಲು ಏನೂ ಇರುವುದಿಲ್ಲ. ಗಂಡಸರಿಲ್ಲದ ಮನೆಗಳಿರುತ್ತವೆ, ಅವನ್ನು ಬಿಡಬೇಡಿ; ಅಲ್ಲಿ ಒಂದೇ ಹಾಳೆ ಸಾಕು.

3. ಹಾಳೆ

ಒಂದು ದೊಡ್ಡ ಹಾಳೆಯ ಮೇಲೆ 48 ಸಾಲು ಹಾಕಿ. ಪ್ರತಿ ಸಾಲು ಅರ್ಧ ಗಂಟೆ. ನಿನ್ನೆ ಬೆಳಗಿನ 4 ಗಂಟೆಯಿಂದ ಇಂದು ಬೆಳಗಿನ 4 ಗಂಟೆಯವರೆಗೆ. ಕೇಂದ್ರ ಸರ್ಕಾರದ ಸಮೀಕ್ಷೆಯಲ್ಲೂ ಹೀಗೆಯೇ ಇದೆ. ಅಡ್ಡಕ್ಕೆ ನಾಲ್ಕು ಅಂಕಣ: ಮುಖ್ಯ ಕೆಲಸ, ಅದರ ಜೊತೆಗೇ ನಡೆದ ಇನ್ನೊಂದು ಕೆಲಸ, ಕೂಲಿ ಸಿಕ್ಕಿತೇ ಇಲ್ಲವೇ, ಯಾರಾದರೂ ನೆರವಾದರೇ. ಕೊನೆಯ ಅಂಕಣದಲ್ಲಿ ಮನೆಯ ಹೆಣ್ಣುಮಕ್ಕಳ ದುಡಿಮೆ ಹೊರಬರುತ್ತದೆ. ಅವರನ್ನು ನೇರವಾಗಿ ಕೇಳದೆಯೇ, ಶಾಲೆಗೆ ಹೋಗುವ ಮೊದಲು ಎರಡು ಕೊಡ ನೀರು ತಂದವಳು ಯಾರೆಂಬುದು ಅಲ್ಲಿ ದಾಖಲಾಗುತ್ತದೆ.

ಎರಡನೆಯ ಅಂಕಣವನ್ನು ಬೇಡವೆಂದು ಬಿಡುವವರೇ ಹೆಚ್ಚು. ದಯವಿಟ್ಟು ಬಿಡಬೇಡಿ. ಕೂಸನ್ನು ನೋಡಿಕೊಳ್ಳುವುದು ಎಂದೂ ‘ಮುಖ್ಯ ಕೆಲಸ’ವಾಗಿ ಬರುವುದಿಲ್ಲ, ರೊಟ್ಟಿ ಬಡಿಯುವಾಗ, ಬಟ್ಟೆ ಒಗೆಯುವಾಗ, ಬಳ್ಳಾರಿಯ ಓಣಿಗಳಲ್ಲಿ ಮನೆಗೆ ತಂದ ಜೀನ್ಸ್ ಬಟ್ಟೆಯ ದಾರ ಕತ್ತರಿಸುವಾಗ, ಕೊಪ್ಪಳದ ಭಾಗ್ಯನಗರದಲ್ಲಿ ಕೂದಲು ಬಿಡಿಸಿ ವಿಂಗಡಿಸುವಾಗ ಅದು ಪಕ್ಕದಲ್ಲೇ ನಡೆದಿರುತ್ತದೆ. ಟಿವಿ ನೋಡುತ್ತ ಮರುದಿನದ ಪಲ್ಯಕ್ಕೆ ಕಾಯಿ ಸೋಸಿದರೆ ಅದು ಬಿಡುವೋ ಕೆಲಸವೋ ಎಂಬ ಜಗಳಕ್ಕೂ ಇದೇ ಅಂಕಣ ಉತ್ತರ.

ಹಾಳೆಯ ತಲೆಯಲ್ಲಿ ಹೆಸರು ಬೇಡ, ಫೋನ್ ಸಂಖ್ಯೆ ಬೇಡ. ಓಣಿಯ ಗುರುತಿನ ಅಕ್ಷರ ಮತ್ತು ಮನೆಗೆ ನೀವೇ ಕೊಟ್ಟ ಕ್ರಮಸಂಖ್ಯೆ ಸಾಕು. ಅದಕ್ಕಿಂತ ಮುಖ್ಯವಾಗಿ, ಎಲ್ಲ ಅರ್ಜಿಗಳಲ್ಲೂ ಇರುವ ‘ಗಂಡನ ಹೆಸರು’ ಎಂಬ ಸಾಲನ್ನು ಹಾಕಲೇಬೇಡಿ. ನಮ್ಮ ಮೂರೂ ಜಿಲ್ಲೆಗಳಲ್ಲಿ, 1982ರ ಕಾಯ್ದೆ ನಿಷೇಧಿಸಿದ ದೇವದಾಸಿ ಪದ್ಧತಿಗೆ ಬಲಿಯಾದ ಹಿರಿಯ ಹೆಣ್ಣುಮಕ್ಕಳು ಅನೇಕ ಕೇರಿಗಳಲ್ಲಿದ್ದಾರೆ. ಗಂಡ ಬಿಟ್ಟುಹೋದವರು, ಗಂಡ ತೀರಿಕೊಂಡವರು ಇದ್ದಾರೆ. ಆ ಒಂದು ಸಾಲಿನ ಪ್ರಶ್ನೆಯಿಂದ ಅವರ ಬಾಯಿ ಮುಚ್ಚಿಹೋಗುತ್ತದೆ, ಅಥವಾ ಅವರು ಯಾವುದೋ ಹೆಸರು ಹೇಳಬೇಕಾಗಿ ಬರುತ್ತದೆ. “ಮನ್ಯಾಗ ಯಾರ್ಯಾರ ಇದ್ದೀರಿ?” ಎಂದು ಕೇಳಿದರೆ ನಮಗೆ ಬೇಕಾದದ್ದೆಲ್ಲ ಬರುತ್ತದೆ.

ಹಾಳೆಯನ್ನು ಕೊಟ್ಟು ತುಂಬಿಸಿಕೊಂಡು ಬರುವ ಯೋಚನೆ ಮಾಡಬೇಡಿ. 2011ರ ಜನಗಣತಿಯಂತೆ ರಾಯಚೂರು ಜಿಲ್ಲೆಯ ಹೆಣ್ಣುಮಕ್ಕಳ ಸಾಕ್ಷರತೆ ಶೇ. 48.73, ರಾಜ್ಯದ್ದು ಶೇ. 68.08. ಹಾಳೆ ಹಂಚಿದರೆ ಓದು ಬಲ್ಲ ಮಗನೋ ಗಂಡನೋ ಅದನ್ನು ತುಂಬುತ್ತಾನೆ, ಅಂದರೆ ಹೆಂಡತಿಯ ದಿನದ ಬಗ್ಗೆ ಗಂಡನ ಅಭಿಪ್ರಾಯ ನಿಮ್ಮ ಕೈಗೆ ಬರುತ್ತದೆ.

4. ಪ್ರಾಯೋಗಿಕ ಸುತ್ತು

ಹೊರಗೆ ಹೋಗುವ ಮೊದಲು ಬಳಗದ ಪ್ರತಿಯೊಬ್ಬರೂ ತಮ್ಮ ಮನೆಯಲ್ಲೇ ಎರಡು ಹಾಳೆ ತುಂಬಬೇಕು. ಇದನ್ನು ಪ್ರಾಯೋಗಿಕ ಸುತ್ತು ಎನ್ನುತ್ತಾರೆ. ಇದರ ಅಂಕಿಗಳನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ, ಪ್ರಶ್ನೆ ಎಲ್ಲಿ ಎಡವುತ್ತದೆ ಎಂದು ನೋಡುವುದಕ್ಕಷ್ಟೇ ಇದು. ಬಳಗದ ಹುಡುಗರು ತಮ್ಮ ಸ್ವಂತ ದಿನದ ಹಾಳೆಯನ್ನೂ ತುಂಬಲಿ. ಅಲ್ಲಿ ನಡೆಯುವ ಚರ್ಚೆ ನಾಲ್ಕು ಉಪನ್ಯಾಸಗಳಿಗೆ ಸಮ ಎಂಬುದು ನನ್ನ ಅನುಭವ.

5. ಮಾತುಕತೆ

ಎಲ್ಲಕ್ಕಿಂತ ಕಷ್ಟದ ಹಂತ ಇದು.

ಮೊದಲು ನೀವು ಯಾರೆಂದು ಹೇಳಬೇಕು. ಗೃಹಲಕ್ಷ್ಮಿಯ 2000 ರೂಪಾಯಿ ಬಂದ ಮೇಲಂತೂ, ಕೈಯಲ್ಲಿ ಹಾಳೆ ಹಿಡಿದು ಬಂದವರೆಲ್ಲ ಸರ್ಕಾರದವರು, ಹೆಸರು ಬರೆದುಕೊಳ್ಳುವವರು ಎಂದು ಜನ ಭಾವಿಸುತ್ತಾರೆ. ದೇವದಾಸಿಯರ ಗುರುತಿಗಾಗಿ 1993–94ರಲ್ಲಿ ಮತ್ತು 2007–08ರಲ್ಲಿ ನಡೆದ ಸರ್ಕಾರಿ ಸಮೀಕ್ಷೆಗಳಲ್ಲಿ ಹೆಸರು ಬಿಟ್ಟುಹೋಗಿ ಮಾಸಾಶನ ತಪ್ಪಿಸಿಕೊಂಡವರ ಕೇರಿಯಲ್ಲಿ ಈ ನಿರೀಕ್ಷೆ ಇನ್ನೂ ತೀವ್ರ. ಆಸೆ ಹುಟ್ಟಿಸಿ ಮಾಹಿತಿ ಪಡೆಯುವುದು ಮೋಸ. ಆದ್ದರಿಂದ ಮೊದಲ ಮಾತು ಹೀಗಿರಲಿ: “ನಾವು ಕಾಲೇಜಿನ್ಯಾಗ ಓದೋ ಹುಡುಗ್ಯಾರ್ರಿ. ಸರ್ಕಾರದವ್ರಲ್ಲ. ಇದರಿಂದ ರೊಕ್ಕ ಬರಂಗಿಲ್ಲ, ಇದ್ದ ರೊಕ್ಕ ನಿಲ್ಲಂಗೂ ಇಲ್ಲ. ಹೆಣ್ಣುಮಕ್ಕಳ ದಿನಾ ಹೆಂಗ ಹೋಗತೈತಿ ಅಂತ ತಿಳ್ಕೊಳ್ಳಾಕ ಬಂದೀವಿ. ಬ್ಯಾಡ ಅನ್ನಿಸಿದ್ರ ಎಲ್ಲಿ ಬೇಕಾದ್ರೂ ನಿಲ್ಲಸ್ರಿ.” ಇದನ್ನು ಕೇಳಿ ಅವರು ಒಪ್ಪಿದರೆ ಅದು ತಿಳಿದು ಕೊಟ್ಟ ಸಮ್ಮತಿ, ಅಂದರೆ ಏನಕ್ಕೆ ಒಪ್ಪುತ್ತಿದ್ದೇವೆಂದು ಗೊತ್ತಿದ್ದು ಕೊಟ್ಟ ಒಪ್ಪಿಗೆ. ಸಹಿ, ಹೆಬ್ಬೆಟ್ಟು ಕೇಳಬೇಡಿ. ನಮ್ಮಲ್ಲಿ ಹೆಬ್ಬೆಟ್ಟು ಎಂದರೆ ಸಾಲದ ಪತ್ರವೇ ನೆನಪಾಗುತ್ತದೆ. ಫೋಟೊ, ಧ್ವನಿಮುದ್ರಣ ಎರಡೂ ಬೇಡ.

ಇನ್ನು ಪ್ರಶ್ನೆ. “ನೀವೇನು ಕೆಲಸ ಮಾಡ್ತೀರಿ?” ಎಂದು ಕೇಳಿದ ಕ್ಷಣ ಸಮೀಕ್ಷೆ ಕೆಟ್ಟಂತೆಯೇ. ಕೆಲಸವೆಂದರೆ ಕೂಲಿ ಅಥವಾ ನೌಕರಿ ಎಂಬುದು ಆ ಪದಕ್ಕೆ ಅಂಟಿಕೊಂಡ ಅರ್ಥ. ಅದರ ಬದಲು, “ಅಕ್ಕಾರ, ನಿನ್ನಿ ಮುಂಜಾನಿ ಎದ್ದ ಕೂಡ್ಲೆ ಮೊದಲ ಏನು ಮಾಡಿದ್ರಿ?” ಎಂದು ಆರಂಭಿಸಿ, “ಅದಾದ ಮ್ಯಾಲ?” ಎಂಬ ಒಂದೇ ಮಾತನ್ನು ಹಿಡಿದು ರಾತ್ರಿಯವರೆಗೆ ನಡೆಯಿರಿ. ಎರಡು ಕೆಲಸಗಳ ನಡುವೆ ಜಿಗಿದಂತೆ ಕಂಡರೆ, “ಆವಾಗ ಕೂಸು ಯಾರ ಹತ್ರ ಇತ್ತು?”, “ನೀರು ಯಾರು ತಂದ್ರು?”, “ದನಕ್ಕ ಮೇವು?” ಎಂದು ಕೇಳಿ. “ದಿನಾ ಏನು ಮಾಡ್ತೀರಿ?” ಎಂದು ಕೇಳಬಾರದು, ದಿನಾ ಎಂದರೆ ಆದರ್ಶ ಗೃಹಿಣಿಯ ದಿನವೊಂದು ಬಾಯಿಪಾಠದಂತೆ ಹೊರಬರುತ್ತದೆ. ನಿನ್ನೆ ಎಂದರೆ ನಿನ್ನೆ ನಡೆದದ್ದೇ ಬರುತ್ತದೆ, ನಿನ್ನೆ ಮೈಗೆ ಹುಷಾರಿಲ್ಲದೆ ಮಲಗಿದ್ದೂ ಸೇರಿ.

ಗಡಿಯಾರದ ಹೊತ್ತನ್ನು ಕೇಳಿದರೆ ಹಲವರು ಅಂದಾಜಿಗೆ ಒಂದು ಹೇಳಿಬಿಡುತ್ತಾರೆ. ಊರಿಗೆ ಊರೇ ಬಲ್ಲ ಗುರುತುಗಳನ್ನು ಹಿಡಿಯಿರಿ: ಕೋಳಿ ಕೂಗುವ ಹೊತ್ತು, ಮಸೀದಿಯಲ್ಲಿ ಅಜಾನ್ ಆಗುವುದು, ನಳ ಬರುವುದು, ಮೊದಲ ಬಸ್ಸು, ಕೂಲಿಯವರ ಟಂಟಂ ಹೊರಡುವುದು, ಶಾಲೆಯ ಗಂಟೆ, ದೀಪ ಹಚ್ಚುವ ಹೊತ್ತು, ಸಂಜೆಯ ಧಾರಾವಾಹಿ. ಸಮೀಕ್ಷೆಗೆ ಮೊದಲು ಆ ಊರಿನಲ್ಲಿ ಇವೆಲ್ಲ ಯಾವ ಯಾವ ಗಂಟೆಗೆ ಆಗುತ್ತವೆಂದು ಒಂದು ಪಟ್ಟಿ ಮಾಡಿಕೊಂಡರೆ, “ನಳ ಬರೂದ್ರೊಳಗ ಕಸಾ ಹೊಡದಿದ್ದೆ” ಎಂಬ ಮಾತನ್ನು ಹಾಳೆಯ ಸಾಲಿಗೆ ಸುಲಭವಾಗಿ ಕೂಡಿಸಬಹುದು. ನಳದ ಸರದಿ ನಾಲ್ಕು ದಿನಕ್ಕೊಮ್ಮೆಯಾದರೆ, ನಿನ್ನೆ ನೀರಿನ ದಿನವಾಗಿತ್ತೇ ಎಂಬುದನ್ನೂ ಬರೆದುಕೊಳ್ಳಿ.

ಮಾತಿನ ನಡುವೆ ಗಂಡನೋ ಅತ್ತೆಯೋ ಬಂದು ಕೂತು, “ಆಕೀಗೇನು ಗೊತ್ತಾಗ್ತದ, ನಾ ಹೇಳ್ತೀನಿ ಬರ್ಕೊಳ್ಳಿ” ಎನ್ನುವುದು ಸಾಮಾನ್ಯ. ಜಗಳಕ್ಕೆ ಹೋಗಬೇಡಿ, ಜೋಡಿಯ ಇನ್ನೊಬ್ಬರು ಅವರನ್ನು ಹೊರಗೆ ಕಟ್ಟೆಗೆ ಕರೆದು ಅವರ ಹಾಳೆಯನ್ನು ಆರಂಭಿಸಲಿ. ಹೆಂಗಸು ಕೆಲಸ ಮಾಡುತ್ತಲೇ ಉತ್ತರ ಕೊಡುತ್ತಿದ್ದರೆ ನೀವೂ ಪಕ್ಕದಲ್ಲಿ ಕೂತು ಕಾಯಿ ಸೋಸಬಹುದು. ಆದರೆ ಅವಳನ್ನು ‘ಪಾಪ’ ಎನ್ನಬೇಡಿ, ಅವಳ ಗಂಡನನ್ನು ಬೈಯಬೇಡಿ, ಉತ್ತರ ಕೇಳಿ ಹುಬ್ಬೇರಿಸಬೇಡಿ.

6. ಕೇಳಬಾರದ್ದು ಕಿವಿಗೆ ಬಿದ್ದಾಗ

ದಿನದ ಲೆಕ್ಕ ಕೇಳಲು ಹೋದವರ ಮುಂದೆ ಹೊಡೆತ, ಕುಡಿತ, ಹದಿನಾರರ ಹುಡುಗಿಗೆ ಗೊತ್ತಾಗಿರುವ ಮದುವೆ ಎಲ್ಲವೂ ಹೊರಬರಬಹುದು. ನೀವು ಸಮಾಲೋಚಕರಲ್ಲ, ಪೊಲೀಸರೂ ಅಲ್ಲ. ಪೂರ್ತಿ ಕೇಳಿಸಿಕೊಳ್ಳಿ, ಹಾಳೆಯಲ್ಲಿ ಬರೆಯಬೇಡಿ, ಬಳಗದ ಸಭೆಯಲ್ಲಿ ಕತೆಯಾಗಿ ಹೇಳಬೇಡಿ. ಮಹಿಳಾ ಸಹಾಯವಾಣಿ 181, ಮಕ್ಕಳ ಸಹಾಯವಾಣಿ 1098, ತುರ್ತಿಗೆ 112 ಎಂಬ ಸಂಖ್ಯೆಗಳನ್ನೂ ದೌರ್ಜನ್ಯಕ್ಕೊಳಗಾದ ಹೆಂಗಸರಿಗೆ ನೆರವಾಗುವ ಜಿಲ್ಲೆಯ ಸಖಿ ಕೇಂದ್ರ ಎಲ್ಲಿದೆ ಎಂಬುದನ್ನೂ ಎಲ್ಲರೂ ಬಲ್ಲವರಾಗಿರಬೇಕು. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಡಿ ಹೆಂಗಸಿಗೆ ರಕ್ಷಣಾಧಿಕಾರಿಯ ನೆರವು ಸಿಗುತ್ತದೆ. ಆ ದಾರಿ ಹಿಡಿಯಬೇಕೇ ಬೇಡವೇ ಎಂಬುದು ಅವಳ ತೀರ್ಮಾನ. ಆದರೆ 18 ತುಂಬದ ಮಗುವಿನ ಮೇಲಿನ ಲೈಂಗಿಕ ಅಪರಾಧದ ವಿಷಯ ತಿಳಿದರೆ ಅದನ್ನು ಮುಚ್ಚಿಡುವಂತಿಲ್ಲ, ವರದಿ ಮಾಡಲೇಬೇಕೆಂದು ಪೋಕ್ಸೊ ಕಾಯ್ದೆ ಹೇಳುತ್ತದೆ. ಅಂಥ ಸಂದರ್ಭದಲ್ಲಿ ಒಬ್ಬರೇ ನಿರ್ಧರಿಸಲು ಹೋಗದೆ ಅದೇ ದಿನ ಮಾರ್ಗದರ್ಶಕ ಅಧ್ಯಾಪಕಿಗೆ ತಿಳಿಸಿ.

7. ಲೆಕ್ಕ

ಒಂದು ದಿನದಲ್ಲಿ 1440 ನಿಮಿಷ. ಪ್ರತಿ ಹಾಳೆಯ ಮೊತ್ತ ಅಷ್ಟೇ ಬರಬೇಕು. ಬರದಿದ್ದರೆ ಎಲ್ಲೋ ಒಂದು ಸಾಲು ಬಿಟ್ಟಿದೆ ಅಥವಾ ಎರಡು ಸಲ ಸೇರಿದೆ. ಎರಡನೆಯ ಅಂಕಣದ ಕೆಲಸಗಳನ್ನು ಈ ಮೊತ್ತಕ್ಕೆ ಸೇರಿಸದೆ ಪ್ರತ್ಯೇಕವಾಗಿ ಕೂಡಿಸಿ ಇಡಿ. ತಿಳಿಯಲೆಂದು ನಾನೇ ಕಟ್ಟಿದ ಒಂದು ದಿನ ಹೀಗಿದೆ. ನಾಟಿ ಕೂಲಿಗೆ ಹೋಗುವ ಹೆಂಗಸೊಬ್ಬಳು ನಾಲ್ಕೂವರೆಗೆ ಎದ್ದು ಅರ್ಧ ಗಂಟೆ ಕಸ ಹೊಡೆದು ಬಾಗಿಲಿಗೆ ನೀರು ಹಾಕುತ್ತಾಳೆ, ಒಂದು ಗಂಟೆ ನೀರು ತುಂಬುತ್ತಾಳೆ, ಒಂದೂವರೆ ಗಂಟೆ ರೊಟ್ಟಿ ಪಲ್ಯ ಮಾಡುತ್ತಾಳೆ, ಅರ್ಧ ಗಂಟೆ ಮಕ್ಕಳನ್ನು ಶಾಲೆಗೆ ಸಿದ್ಧ ಮಾಡುತ್ತಾಳೆ. ಸಂಜೆ ಬಂದು ಒಂದು ಗಂಟೆ ಕಿರಾಣಿ, ಕಟ್ಟಿಗೆ, ಒಂದೂವರೆ ಗಂಟೆ ಅಡುಗೆ, ಉಂಡ ಮೇಲೆ ಒಂದು ಗಂಟೆ ಮುಸುರೆ ಮತ್ತು ಮರುದಿನದ ಸಿದ್ಧತೆ. ಕೂಲಿಯಿಲ್ಲದ ಈ ಕೆಲಸಗಳ ಒಟ್ಟು 420 ನಿಮಿಷ. ಕೂಲಿ ಕೆಲಸ 450, ಹೊಲಕ್ಕೆ ಹೋಗಿಬರುವುದು 60, ಸ್ನಾನ, ಎರಡು ಹೊತ್ತಿನ ಊಟ, ಟಿವಿ ಸೇರಿ 120, ನಿದ್ದೆ 390. ಕೂಡಿಸಿದರೆ 1440. ಹೊಲಕ್ಕೆ ಹೋಗಿಬರುವ ಹೊತ್ತನ್ನು ಕೂಲಿ ಕೆಲಸದ ಜೊತೆ ಸೇರಿಸಬೇಕೇ ಬೇಡವೇ ಎಂದು ಬಳಗ ಮೊದಲೇ ತೀರ್ಮಾನಿಸಿ ಎಲ್ಲ ಹಾಳೆಗಳಿಗೂ ಒಂದೇ ನಿಯಮ ಹಚ್ಚಬೇಕು. ಸ್ವಂತ ಹೊಲದಲ್ಲಿ ಕಳೆ ತೆಗೆದದ್ದು, ಮನೆಯ ಎಮ್ಮೆ ಹಿಂಡಿ ಹಾಲು ಮಾರಿದ್ದು ಕೂಲಿಯಿಲ್ಲದ ಕೆಲಸಗಳಾದರೂ ಮನೆಗೆಲಸದ ಗುಂಪಿಗೆ ಬರುವುದಿಲ್ಲ. ಅವು ಆದಾಯ ತರುವ ಉತ್ಪಾದನೆ. ಅವಕ್ಕೆ ಬೇರೆಯೇ ಸಾಲು ಇರಲಿ.

ಸರಾಸರಿ ತೆಗೆಯುವಾಗ ದೊಡ್ಡ ದೊಡ್ಡವರೇ ಎಡವುವ ಒಂದು ಜಾಗವಿದೆ. 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯಲ್ಲಿ ಕೂಲಿಯಿಲ್ಲದ ಮನೆಗೆಲಸಕ್ಕೆ ಹೆಂಗಸರು ದಿನಕ್ಕೆ 299 ನಿಮಿಷ, ಗಂಡಸರು 97 ನಿಮಿಷ ಕೊಟ್ಟರೆಂದು ಬಂದಿತ್ತು. 2024ರ ಸಮೀಕ್ಷೆಯಲ್ಲಿ ಇದು 289 ಮತ್ತು 88. ಇದನ್ನು ಓದಿದವರು ‘ನಮ್ಮ ದೇಶದ ಗಂಡಸರು ಒಂದೂವರೆ ಗಂಟೆ ಮನೆಗೆಲಸ ಮಾಡುತ್ತಾರೆ’ ಎಂದು ಬರೆದುಬಿಡುತ್ತಾರೆ. ಅದು ತಪ್ಪು. ಆ ಅಂಕಿಗಳು ಆ ದಿನ ಮನೆಗೆಲಸಕ್ಕೆ ಕೈಹಚ್ಚಿದವರ ಸರಾಸರಿ ಮಾತ್ರ, ಮತ್ತು 2019ರಲ್ಲಿ ಹಾಗೆ ಕೈಹಚ್ಚಿದವರು ಹೆಂಗಸರಲ್ಲಿ ಶೇ. 81.2, ಗಂಡಸರಲ್ಲಿ ಶೇ. 26.1. ಏನೂ ಮಾಡದವರನ್ನೂ ಲೆಕ್ಕಕ್ಕೆ ಹಿಡಿದರೆ ಗಂಡಸರ ಪಾಲು ಸುಮಾರು 25 ನಿಮಿಷಕ್ಕೆ ಇಳಿಯುತ್ತದೆ, ಹೆಂಗಸರದು ಸುಮಾರು 243 ಆಗುತ್ತದೆ. ನಿಮ್ಮ ನಲವತ್ತು ಮನೆಗಳ ಲೆಕ್ಕದಲ್ಲೂ ಎರಡೂ ಸರಾಸರಿ ತೆಗೆದು, ಯಾವುದು ಯಾವುದೆಂದು ಸ್ಪಷ್ಟವಾಗಿ ಹೆಸರಿಸಿ. ಒಬ್ಬಿಬ್ಬರ ವಿಪರೀತ ಅಂಕಿಯಿಂದ ಸರಾಸರಿ ಏರುಪೇರಾದರೆ ಮಧ್ಯಾಂಕವನ್ನೂ ಕೊಡಿ. ಎಲ್ಲರ ಅಂಕಿಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿ ಬರೆದಾಗ ನಟ್ಟನಡುವೆ ಬರುವ ಅಂಕಿಯೇ ಮಧ್ಯಾಂಕ. ಮತ್ತು ನಲವತ್ತು ಮನೆಗಳ ಲೆಕ್ಕದಿಂದ ‘ಕೊಪ್ಪಳ ಜಿಲ್ಲೆಯ ಮಹಿಳೆಯರು’ ಎಂದು ಬರೆಯುವ ಹಕ್ಕು ಯಾರಿಗೂ ಬರುವುದಿಲ್ಲ. ‘ನಾವು ಮಾತಾಡಿಸಿದ ನಲವತ್ತು ಮನೆಗಳಲ್ಲಿ’ ಎಂದೇ ಬರೆಯಿರಿ.

ಇದಕ್ಕೆ ರೂಪಾಯಿಯ ಬೆಲೆ ಕಟ್ಟಬೇಕೇ ಎಂದು ಹಲವರು ಕೇಳುತ್ತಾರೆ. ಊರಿನ ಕೂಲಿ ದರದಿಂದ ಗುಣಿಸಿ ತೋರಿಸಬಹುದು, ಭಾಷಣಕ್ಕೆ ಅದು ಚೆನ್ನಾಗಿಯೂ ಇರುತ್ತದೆ. ಆದರೆ ನಮ್ಮ ಹೊಲಗಳಲ್ಲಿ ಹೆಣ್ಣಾಳಿನ ಕೂಲಿಯೇ ಗಂಡಾಳಿನದಕ್ಕಿಂತ ಕಡಿಮೆ. ಅದೇ ದರದಿಂದ ಗುಣಿಸಿದರೆ ಆ ಅನ್ಯಾಯ ನಿಮ್ಮ ಲೆಕ್ಕದೊಳಕ್ಕೂ ಬಂದು ಕೂರುತ್ತದೆ. ಸಮಾನ ಕೆಲಸಕ್ಕೆ ಸಮಾನ ಕೂಲಿ ಎಂಬ ಕಾಯ್ದೆ 1976ರಿಂದಲೇ ಇತ್ತು, ಈಗ ಅದನ್ನು 2019ರ ವೇತನ ಸಂಹಿತೆಯೊಳಗೆ ಸೇರಿಸಲಾಗಿದೆ ಎಂಬುದನ್ನು ಟಿಪ್ಪಣಿಯಾಗಿ ಹಾಕಿ, ನಿಮಿಷಗಳನ್ನು ನಿಮಿಷಗಳಾಗಿಯೇ ಬಿಡುವುದು ಮೇಲೆಂದು ನನಗನಿಸುತ್ತದೆ.

8. ಕೇಳಿದ್ದನ್ನು ಹೇಳಿದವರಿಗೇ ಒಯ್ಯುವುದು

ಕಾಲೇಜಿನ ಸೂಚನಾ ಫಲಕಕ್ಕೆ ಹಚ್ಚುವ ಮೊದಲು, ಲೆಕ್ಕವನ್ನು ಅದೇ ಓಣಿಗೆ ಒಯ್ಯಿರಿ. ಸ್ವಸಹಾಯ ಸಂಘದವರು ವಾರದ ಕಂತು ಕಟ್ಟಲು ಸೇರುವ ದಿನ ಅರ್ಧ ಗಂಟೆ ಕೇಳಿ ಪಡೆಯಬಹುದು. ಪತ್ರಿಕೆ, ಪಟ್ಟಿ, ಶೇಕಡಾವಾರು ಬೇಡ. 24 ಕಡಲೆಕಾಳು ತೆಗೆದುಕೊಂಡು, ಒಂದು ಕಾಳು ಒಂದು ಗಂಟೆ ಎಂದು ಹೇಳಿ, ನೆಲದ ಮೇಲೆ ಸೀಮೆಸುಣ್ಣದಿಂದ ಎಳೆದ ಮನೆಗಳಲ್ಲಿ ಹಂಚಿ ತೋರಿಸಿ: ಇದು ಅಡುಗೆ, ಇದು ನೀರು, ಇದು ಕೂಲಿ, ಇದು ನಿದ್ದೆ. ಪಕ್ಕದಲ್ಲಿ ಗಂಡಸರ 24 ಕಾಳು. ಆಮೇಲೆ ನೀವು ಸುಮ್ಮನಿರಿ. “ಇಲ್ರೀ, ನೀರಿಂದು ಕಮ್ಮಿ ಹಾಕೀರಿ” ಎಂದು ಅವರೇ ಕಾಳು ಸರಿಸಿದರೆ, ಆ ತಿದ್ದುಪಡಿಯನ್ನು ವರದಿಯಲ್ಲಿ ದಾಖಲಿಸಿ. ಇದೇ ಸೀಮೆಯ ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದವಳಾದ, ಕಲ್ಯಾಣದಲ್ಲಿ ಗಂಡ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಎಷ್ಟು ಬೇಕೋ ಅಷ್ಟೇ ಎಂದು ಅಳೆದು ಹೇಳಿದ ಆಯ್ದಕ್ಕಿ ಲಕ್ಕಮ್ಮನ ಕತೆ ಎಲ್ಲರಿಗೂ ಗೊತ್ತು. ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಅಳತೆಯನ್ನು ನಾವು ಕಲಿಸಬೇಕಾಗಿಲ್ಲ.

ಸಭೆಯಲ್ಲಿ ಬಂದ ಬೇಡಿಕೆ ನಿರ್ದಿಷ್ಟವಾಗಿರುತ್ತದೆ. ನಳ ಬೆಳಗಿನ ಜಾವದ ಬದಲು ಸಂಜೆ ಬರಲಿ ಎನ್ನಬಹುದು, ನಾಟಿ ಕಾಲದಲ್ಲಿ ಅಂಗನವಾಡಿ ಬೇಗ ತೆರೆಯಲಿ ಎನ್ನಬಹುದು. ಅದನ್ನು ಅವರ ಮಾತಿನಲ್ಲೇ ಬರೆದು, ಜೊತೆಗೆ ನಿಮ್ಮ ಅಂಕಿಗಳನ್ನು ಹಚ್ಚಿ, ಅವರು ಒಪ್ಪಿದರೆ ಗ್ರಾಮ ಸಭೆಗೆ ಕೊಡಿ. ಅವರ ಪರವಾಗಿ ನೀವೇ ಎದ್ದುನಿಂತು ಮಾತಾಡಬೇಡಿ. ಪ್ರತಿಯೊಂದಕ್ಕೂ ಸ್ವೀಕೃತಿಯ ಸಹಿ ಹಾಕಿಸಿಕೊಳ್ಳುವುದನ್ನು ಮಾತ್ರ ಮರೆಯಬಾರದು.

ತುಂಬಿದ ಹಾಳೆಗಳನ್ನು ಬೀಗವಿರುವ ಕಪಾಟಿನಲ್ಲಿಡಿ, ವಾಟ್ಸಾಪ್ ಗುಂಪಿನಲ್ಲಿ ಅವುಗಳ ಫೋಟೊ ಹಾಕಬೇಡಿ. ಹತ್ತಿ ಬಿಡಿಸುವ ಕಾಲದಲ್ಲಿ ಅದೇ ಮನೆಗಳಿಗೆ ಎರಡನೆಯ ಸುತ್ತು ಹೋಗುವಾಗ ಮೊದಲ ಸುತ್ತಿನ ಹಾಳೆಯನ್ನು ಕೈಯಲ್ಲಿ ಹಿಡಿದು ಹೋಗಬಾರದು. ಹಳೆಯ ಉತ್ತರ ಕಣ್ಣೆದುರಿಗಿದ್ದರೆ ಕೇಳುವವರು ತಮಗರಿವಿಲ್ಲದೆಯೇ ಅದೇ ಉತ್ತರವನ್ನು ಎಳೆದು ತರುತ್ತಾರೆ. ಖಾಲಿ ಹಾಳೆ ಹಿಡಿದು, ಮತ್ತೆ ನಿನ್ನಿ ಮುಂಜಾನಿಯಿಂದಲೇ ಆರಂಭಿಸಿ.